ನೀಲಿಗೆ ಬಾಲ ಹಚ್ಚುವ ಕೆಲಸ

ನನ್ನ ಜರ್ಮನ್ ವ್ಯಾಕರಣ ಪುಸ್ತಕದಲ್ಲಿ ಗುರುತಿಗೆಂದು ಒಂದು ಚೀಟಿ ಅಂಟಿಸಿದ್ದೇನೆ. ಕಿರುಬೆರಳಿನ ಉಗುರಿನಷ್ಟು ಅಗಲದ್ದು, ಬಿಳಿಯದು, ಹಿಂದೆ ಅಂಟು, ಮುಂದೆ ಇಪ್ಪತ್ತಮೂರು ಎಂಬ ಅಂಕಿ. ಹೋದ ತಿಂಗಳು ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲಿ ಕೊಂಡ ಜೀನ್ಸ್ ಪ್ಯಾಂಟಿನ ಎಡಗಾಲಿನ ಒಳಗೆ, ಹೊಲಿಗೆಯ ಪಕ್ಕದಲ್ಲಿ ಅದು ಅಡಗಿ ಕೂತಿತ್ತು. ಇನ್ನೂ ನೀರು ಕಾಣದ ಗಟ್ಟಿ ಬಟ್ಟೆಯ ಪ್ಯಾಂಟಾದ್ದರಿಂದ ಚೀಟಿ ಉಳಿದಿತ್ತು. ಕೊಂಡವರು ಇದನ್ನು ಕಸವೆಂದು ಕಿತ್ತು ಎಸೆಯುತ್ತಾರೆ. ನನಗೆ ಎಸೆಯಲಾಗಲಿಲ್ಲ.

ಬೇರೆ ಊರಿನವರು ಪ್ಯಾಂಟು ಕೊಳ್ಳುವಾಗ ಕನ್ನಡಿ ನೋಡುತ್ತಾರೆ. ಬಳ್ಳಾರಿಯಲ್ಲಿ ಜೀನ್ಸ್ ಕೆಲಸದ ಮನೆಯವರು ಮೊದಲು ಪ್ಯಾಂಟನ್ನು ತಿರುವಿ ಒಳಗು ನೋಡುತ್ತೇವೆ. ನಾನು ಹಾಗೆ ನೋಡುತ್ತಿದ್ದಾಗ ಅಂಗಡಿಯವನು, "ಏನ್ ಹುಡಕಾಕತ್ತೀರಿ ಮೇಡಂ, ನಿಧಿನಾ?" ಎಂದ.

"ನಂಬರ್" ಎಂದೆ.

ಅವನಿಗೆ ಅರ್ಥವಾಯಿತು. "ಓ, ನಿಮ್ಮ ಮನ್ಯಾಗ ಯಾರು?" ಎಂದ.

"ನಮ್ಮವ್ವ. ನಂಬರ್ ಹಚ್ತಿದ್ಲು."

ಹಚ್ಚುತ್ತಿದ್ದಳು ಎಂಬುದು ನಿಜ. ಆ ಕೆಲಸ ಅವಳ ಕೈಯಿಂದ ಯಾಕೆ ಹೋಯಿತು ಎಂಬುದನ್ನು ಮೂವತ್ತಮೂರು ವರ್ಷಗಳಿಂದ ಬಲ್ಲವಳು ನಾನೊಬ್ಬಳೇ ಆಗಿದ್ದೆ. ಅವ್ವನಿಗೂ ಹೇಳಿರಲಿಲ್ಲ.

ಚೀಟಿ ಅಂಟಿಸಿದ ಪುಟಕ್ಕೆ ಬರುತ್ತೇನೆ. ಆ ಪುಟದಲ್ಲಿ ಜರ್ಮನ್ ಗುಣವಾಚಕಗಳ ಬಾಲಗಳಿವೆ. ನಮ್ಮ ಕನ್ನಡದ ನೀಲಿ ಎಷ್ಟು ಸಾಧು ಎಂಬುದು ಆ ಪುಟ ನೋಡಿದ ಮೇಲೆಯೇ ನನಗೆ ತಿಳಿದದ್ದು. ನೀಲಿ ಅಂಗಿ, ನೀಲಿ ಸೀರೆ, ನೀಲಿ ಅಂಗಿಯವನಿಗೆ, ನೀಲಿ ಸೀರೆಯವಳಿಂದ. ಯಾರ ಪಕ್ಕದಲ್ಲಿ ಕೂರಿಸಿದರೂ ಅದು ಮುಖ ಬದಲಿಸುವುದಿಲ್ಲ. ಜರ್ಮನ್ನಿನ ನೀಲಿಗೆ ಬ್ಲೌ ಎಂದು ಹೆಸರು. 'ಅಂಗಿ ನೀಲಿಯಾಗಿದೆ' ಎಂದು ವಾಕ್ಯದ ಕೊನೆಯಲ್ಲಿ ಕೂರಿಸಿದರೆ ಅದೂ ಸಾಧುವೇ. ವಸ್ತುವಿನ ಮುಂದೆ ಬಂದು ನಿಂತಿತೋ, ಬಾಲ ಬಂತು. ಆ ನೀಲಿ ಲಂಗ ಎಂದರೆ ಡೇರ್ ಬ್ಲೌವೆ ರೊಕ್. ಒಂದು ನೀಲಿ ಲಂಗ ಎಂದರೆ ಐನ್ ಬ್ಲೌವೆರ್ ರೊಕ್. ಆ ನೀಲಿ ಅಂಗಿ ಡಾಸ್ ಬ್ಲೌವೆ ಹೆಮ್ಟ್, ಒಂದು ನೀಲಿ ಅಂಗಿ ಐನ್ ಬ್ಲೌವೆಸ್ ಹೆಮ್ಟ್, ಅದೇ ಅಂಗಿಯ ಜೊತೆ ಎಂದರೆ ಬ್ಲೌವೆನ್. ಲಂಗ ಗಂಡು, ಅಂಗಿ ನಪುಂಸಕ, ಪ್ಯಾಂಟು ಹೆಣ್ಣು. ಹೆರಿಗೆ ಮಾಡಿಸಿ ನೋಡಿದವರು ಯಾರೋ ಕಾಣೆ. ಇರುವ ಬಾಲಗಳು ಐದೇ. ಅವನ್ನು ಹಚ್ಚಬೇಕಾದ ಮನೆಗಳು ಮಾತ್ರ ಮೂರು ಕೋಷ್ಟಕ ಸೇರಿ ನಲವತ್ತೆಂಟು.

ನಲವತ್ತೆರಡನೆಯ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ನೀವು ಕೇಳಬಹುದು. ನಮ್ಮ ಲ್ಯಾಬಿನಲ್ಲಿ ಎಲ್ಲರೂ ಕೇಳಿಯಾಗಿದೆ. ನಾನು ಎಲ್ಲಿಗೂ ಹೋಗುವವಳಲ್ಲ. ಬಳ್ಳಾರಿಯ ಒಂದು ಲ್ಯಾಬಿನಲ್ಲಿ ಜನರ ರಕ್ತ ತೆಗೆದು ಪರೀಕ್ಷಿಸುವುದು ನನ್ನ ಉದ್ಯೋಗ. ಮನೆಯಲ್ಲಿ ನಾನು, ಅವ್ವ. ಹೋದ ವರ್ಷ ಹಲಕುಂದಿಯ ಮಠಕ್ಕೆ ಹೋಗಿ ಸ್ಕೂಟಿಯಲ್ಲಿ ಹಿಂದಿರುಗುವಾಗ, ನನ್ನ ಮುಂದೆ ಹೋಗುತ್ತಿದ್ದ ಆಟೊವನ್ನು ಒಂದು ಲಾರಿ ಸವರಿಕೊಂಡು ಹೋಯಿತು. ಆಟೊ ಮಗ್ಗುಲಾಗಿ ಬಿತ್ತು. ಓಡಿಸುತ್ತಿದ್ದವನ ತೋಳು ಮುರಿಯಿತು, ಜೀವಕ್ಕೆ ಏನೂ ಆಗಲಿಲ್ಲ. ರಸ್ತೆಯಲ್ಲಿ ಇದ್ದವಳು ನಾನೊಬ್ಬಳೇ. ಆದ್ದರಿಂದ ಸಾಕ್ಷಿಯೂ ನಾನೇ.

ಠಾಣೆಯಲ್ಲಿ ಬರೆದುಕೊಳ್ಳುತ್ತಿದ್ದ ಪೊಲೀಸಪ್ಪ ಒಳ್ಳೆಯವನು, ಆದರೆ ಅವಸರದವನು. ಲಾರಿ ಎಡಕ್ಕೆ ವಾಲಿದ್ದು ಆಟೊ ತಿರುಗುವ ಮೊದಲೋ ಆಮೇಲೋ ಎಂದು ಕೇಳಿದ. ನಾನು ಕಣ್ಣು ಮುಚ್ಚಿ ಇನ್ನೊಮ್ಮೆ ನೋಡಿಕೊಂಡೆ.

"ಲಗೂನ ಹೇಳ್ರಿ ಮೇಡಂ. ಇಷ್ಟು ಹೊತ್ತು ತಗೊಂಡ್ರ ಕಥಿ ಕಟ್ಟಾಕತ್ತೀರಿ ಅನಸ್ತೈತಿ."

"ಲಗೂನ ಹೇಳಿದ್ರ ತಪ್ಪಾಗ್ತೈತ್ರಿ" ಎಂದೆ. "ಮೊದಲು. ಆಟೊ ತಿರುಗಿರಲಿಲ್ಲ. ಬರ್ಕೊಳ್ರಿ."

ಮೂರು ಪುಟವಾಯಿತು. ಮೂರನ್ನೂ ಓದಿ, ಎರಡು ಕಡೆ ತಿದ್ದಿಸಿ, ಸಹಿ ಹಾಕಿದೆ. ಮನೆಗೆ ಬಂದ ಮೇಲೆ ಕೈ ನಡುಗಲು ಶುರುವಾಯಿತು. ಒಂದು ವಾರದಲ್ಲಿ ನಿಂತೀತು ಎಂದುಕೊಂಡೆ, ಎರಡು ತಿಂಗಳಾದರೂ ನಿಲ್ಲಲಿಲ್ಲ. ಸೂಜಿ ಹಿಡಿಯುವ ಕೈ ಹೀಗಾದರೆ ಹೇಗೆ ಎಂದು ಲ್ಯಾಬಿನವರು ನನ್ನನ್ನು ಚೀಟಿ ಬರೆಯುವ ಮೇಜಿಗೆ ಕೂರಿಸಿದರು.

ಆಗ ಸಿಕ್ಕವರು ನಮ್ಮ ಕೌಲ್ ಬಜಾರಿನ ಓಣಿಯ ಖಾದರ್ ಸರ್. ಉಕ್ಕಿನ ಕಾರ್ಖಾನೆಯಲ್ಲಿ ಯಂತ್ರಗಳ ದುರಸ್ತಿ ಮಾಡಿ ನಿವೃತ್ತರಾದವರು. ಯಂತ್ರ ಕೂರಿಸಲು ಬಂದಿದ್ದ ಜರ್ಮನರಿಂದ ಆ ಭಾಷೆ ಕಲಿತು, ಈಗ ಮಹಡಿಯ ಮೇಲೆ ನರ್ಸಿಂಗ್ ಓದುವ ಹುಡುಗಿಯರಿಗೆ ಕಲಿಸುತ್ತಾರೆ. ನನ್ನ ಕೈಯಲ್ಲಿ ಚಹಾದ ಕಪ್ಪು ತಟ್ಟೆಗೆ ಬಡಿಯುವುದನ್ನು ಒಂದು ದಿನ ನೋಡಿದರು.

"ಬೇಟಿ, ಆ ಕೈಗೆ ಏನೂ ಆಗಿಲ್ಲ. ತಲಿಗೆ ಕೆಲಸ ಕಮ್ಮಿ ಆಗೇತಿ. ನಮ್ಮ ಕ್ಲಾಸಿಗೆ ಬಾ. ಈ ಭಾಷಾ ಕಲಿಯಾಕ ಕುಂತ್ರ ನಡಗಾಕ ಪುರಸೊತ್ತು ಸಿಗಂಗಿಲ್ಲ."

ಹೋದೆ. ಬಾಲಗಳ ಪಾಠದ ದಿನ ಅವರು ಹಲಗೆಯ ಮೇಲೆ ಕೋಷ್ಟಕ ಬರೆಯಲೇ ಇಲ್ಲ. ಮೂರು ಕುರ್ಚಿಗಳನ್ನು ಸಾಲಾಗಿ ಇಟ್ಟರು.

"ಮದಲನೇ ಕುರ್ಚಿ ಡೇರ್. ಡೇರ್ ಅಂದ್ರ ದೊಡ್ಡ ಸಾಹೇಬ್ರು. ಹಿಂದ ಬರೋ ಲಂಗ ಗಂಡೈತಿ, ಕರ್ತೃ ಐತಿ, ಎಲ್ಲಾ ಅವರ ಹೇಳಿಬಿಟ್ಟಾರ. ನಡುವಿನ ಕುರ್ಚ್ಯಾಗ ಕುಂತ ಬ್ಲೌ ಏನ್ ಮಾಡಬೇಕು? ಬರೇ ಎ ಅನ್ನಬೇಕು. ಜೀ ಸಾಬ್ ಅಂದಂಗ. ಈಗ ಡೇರ್ ಎದ್ದು ಹೋದ, ಐನ್ ಬಂದು ಕುಂತ. ಈ ಐನ್ ಸಾಹೇಬಗ ಬಾಯಿ ಇಲ್ಲ. ಕುಂತಾನ, ನೋಡ್ತಾನ, ಏನೂ ಹೇಳಂಗಿಲ್ಲ. ಅವಾಗ ಬ್ಲೌ ಬಾಯಿ ತಗೀಬೇಕು, ಎರ್ ಅಂತ."

"ಮದಲನೇ ಕುರ್ಚಿ ಖಾಲಿ ಇದ್ರ ಸರ್?" ಎಂದು ಒಬ್ಬ ಹುಡುಗಿ ಕೇಳಿದಳು.

"ಖಾಲಿ ಇದ್ರಂತೂ ಎಲ್ಲಾ ಬ್ಲೌನ ತಲಿ ಮ್ಯಾಲೆ ಬಂತು. ಪೂರಾ ಅವನ ಹೇಳಬೇಕು."

ಹುಡುಗಿಯರು ನಕ್ಕು ಬರೆದುಕೊಂಡರು, ಹತ್ತು ನಿಮಿಷದಲ್ಲಿ ಬಾಲ ಹಚ್ಚಲು ಶುರು ಮಾಡಿದರು. ನಾನು ಪ್ರತಿ ಶಬ್ದದ ಮುಂದೆಯೂ ನಿಂತೆ. ಮುಂದೆ ಯಾರಿದ್ದಾರೆ, ಅವರು ಏನು ಹೇಳಿದ್ದಾರೆ, ಏನನ್ನು ಬಿಟ್ಟಿದ್ದಾರೆ, ಎಲ್ಲ ನೋಡಿದ ಮೇಲೆಯೇ ಬಾಲ. "ಅಕ್ಕ, ನೀವು ಒಂದು ಬಾಲ ಹಚ್ಚೂದ್ರಾಗ ನಾವು ಜರ್ಮನಿಗೆ ಹೋಗಿ ಬಂದು ಪೇಡೆ ಹಂಚಿರ್ತೀವಿ" ಎಂದಳು ಪಕ್ಕದವಳು. ಬೇಸರವಾಗಲಿಲ್ಲ. ನನ್ನ ನಿಧಾನ ಲ್ಯಾಬಿನಲ್ಲೂ ಹೆಸರುವಾಸಿ. ಟ್ಯೂಬಿಗೆ ಹೆಸರಿನ ಚೀಟಿ ಅಂಟಿಸುವ ಮೊದಲು ಮೂರು ಸಲ ಓದುತ್ತೇನೆ, ಅಂಟಿಸಿದ ಮೇಲೆ ರೋಗಿಯಿಂದಲೇ ಒಮ್ಮೆ ಹೇಳಿಸುತ್ತೇನೆ. ಒಬ್ಬ ಅಜ್ಜನಂತೂ, "ನನ್ನ ಹೆಸರು ನನಗ ಮರ್ತು ಹೋಗಂಗ ಮಾಡಿದಿ ನೋಡವಾ" ಎಂದಿದ್ದ. ಈ ಅಭ್ಯಾಸ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ಸುಮ್ಮನೆ ನಗುತ್ತೇನೆ. ಅದು ಬಂದದ್ದು ಒಂದು ಮೇಜಿನ ಅಡಿಯಿಂದ.

ಅವ್ವನ ಹೆಸರು ಹುಲಿಗೆಮ್ಮ. ತವರು ಸಿರುಗುಪ್ಪದ ಕಡೆಯ ರಾರಾವಿ. ಮದುವೆಯಾಗಿ ಬಳ್ಳಾರಿಗೆ ಬಂದಾಗ ಅವಳಿಗೆ ಅಕ್ಷರವಾಗಲಿ ಅಂಕಿಯಾಗಲಿ ಬರುತ್ತಿರಲಿಲ್ಲ. ಅಂಕಿ ಕಲಿತದ್ದು ಇಪ್ಪತ್ತೈದು ದಾಟಿದ ಮೇಲೆ, ಜೀನ್ಸ್ ಯೂನಿಟ್ಟಿನಲ್ಲಿ. ಅಲ್ಲಿ ಉದ್ದನೆಯ ಮೇಜಿನ ಮೇಲೆ ಬಟ್ಟೆಯನ್ನು ಪದರ ಪದರವಾಗಿ ಹಾಸುತ್ತಿದ್ದರು. ನಲವತ್ತು ಪದರ ಹಾಸಿ ಯಂತ್ರದಿಂದ ಕತ್ತರಿಸಿದರೆ ನಲವತ್ತು ಬಲಗಾಲು, ನಲವತ್ತು ಎಡಗಾಲು. ಕಣ್ಣಿಗೆ ಎಲ್ಲವೂ ಒಂದೇ ನೀಲಿ. ಆದರೆ ಬಟ್ಟೆಯ ಒಂದು ಸುರುಳಿಯ, ಒಂದು ಥಾನಿನ ನೀಲಿ ಇನ್ನೊಂದು ಥಾನಿನ ನೀಲಿಯಾಗಿರುವುದಿಲ್ಲ. ಒಗೆಯುವವರೆಗೆ ಅದು ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕಾಗಿ ಪ್ರತಿ ತುಂಡಿಗೂ ಮೇಲಿನಿಂದ ಕೆಳಕ್ಕೆ ಒಂದು, ಎರಡು, ಮೂರು ಎಂದು ನಂಬರಿನ ಚೀಟಿ ಹಚ್ಚಬೇಕು. ಹದಿನೆಂಟನೆಯ ಬಲಗಾಲಿಗೆ ಹದಿನೆಂಟನೆಯ ಎಡಗಾಲನ್ನೇ ಹೊಲಿಯಬೇಕು. ಒಂದೇ ಪದರದ ಎರಡು ಕಾಲು ಎಂಬುದಕ್ಕೆ ಆ ಚೀಟಿಯ ಹೊರತು ಬೇರೆ ಆಧಾರವಿಲ್ಲ.

ಈ ಕೆಲಸವನ್ನು ಕಟಿಂಗ್ ಮಾಸ್ಟರ್ ಬಸಣ್ಣನವರು ಎಲ್ಲರಿಗೂ ಕೊಡುತ್ತಿರಲಿಲ್ಲ. ಅವ್ವನಿಗೆ ಕೊಟ್ಟಿದ್ದರು. ಓಣಿಯಲ್ಲಿ ಅವಳನ್ನು ನಂಬರ್ ಹುಲಿಗೆಮ್ಮ ಎಂದು ಕರೆಯುತ್ತಿದ್ದರು, ಹಾಗೆ ಕರೆದಾಗ ಅವ್ವ ಬೇಕಂತಲೇ ಸ್ವಲ್ಪ ತಡವಾಗಿ ಓ ಎನ್ನುತ್ತಿದ್ದಳು, ಇನ್ನೊಮ್ಮೆ ಕರೆಯಲಿ ಎಂದು. ಸಾಲಿ ಬಿಟ್ಟ ಮೇಲೆ ನಾನು ಯೂನಿಟ್ಟಿಗೆ ಹೋಗಿ ಆ ಮೇಜಿನ ಅಡಿಯಲ್ಲಿ ಕೂರುತ್ತಿದ್ದೆ. ನೀಲಿ ಧೂಳು, ನೀಲಿ ದಾರ, ಹೊಸ ಬಟ್ಟೆಯ ಗಂಜಿಯ ವಾಸನೆ. ಅಲ್ಲಿ ಕೂತು ಹೋಂವರ್ಕ್ ಮಾಡಿದ ಪುಸ್ತಕಗಳ ಅಂಚೆಲ್ಲ ನೀಲಿಯಾಗಿ, ಟೀಚರು ನನಗೆ ಮಸಿಬುಡ್ಡಿ ಎಂದು ಹೆಸರಿಟ್ಟಿದ್ದರು.

ನನಗೆ ಒಂಬತ್ತು ತುಂಬಿದ ವರ್ಷದ ಬೇಸಿಗೆ ರಜೆಯನ್ನು ರಾರಾವಿಯಲ್ಲಿ ಕಳೆದು ಬಂದಿದ್ದೆ. ಅಲ್ಲಿ ಅಜ್ಜಿ ಭತ್ತ ಅಳೆಯುವುದನ್ನು ಮೊದಲ ಸಲ ಗಮನವಿಟ್ಟು ನೋಡಿದ್ದೆ. ಮೊದಲ ಸೇರಿಗೆ ಅವಳು ಒಂದು ಎನ್ನುತ್ತಿರಲಿಲ್ಲ, ಲಾಭ ಎನ್ನುತ್ತಿದ್ದಳು. ಆಮೇಲೆ ಎರಡು, ಮೂರು, ನಾಲ್ಕು, ಐದು, ಆರು, ಮತ್ತೊಂದು, ಎಂಟು. ಏಳು ಎಂದು ನಾನು ನಡುವೆ ಬಾಯಿ ಹಾಕಿದ್ದಕ್ಕೆ ನನ್ನ ಬಾಯಿಯ ಮೇಲೆ ಮೆಲ್ಲಗೆ ಒಂದು ಬಿತ್ತು.

"ರಾಶಿ ಮುಂದ ಅದನ್ನ ಅನಬಾರದು. ಅಂದ್ರ ರಾಶಿ ನಿಲ್ಲಂಗಿಲ್ಲ."

ಒಂಬತ್ತು ವರ್ಷದವಳಿಗೆ ರಾಶಿ ಎಂದರೆ ರಾಶಿ. ಭತ್ತದ್ದಾದರೇನು, ಜೀನ್ಸ್ ಕಾಲುಗಳದ್ದಾದರೇನು.

ಒಂದು ಸಂಜೆ ಅವ್ವ ಬಲಗಾಲಿನ ರಾಶಿಗೆ ಚೀಟಿ ಹಚ್ಚಿ ಮುಗಿಸಿ, ಎಡಗಾಲಿನ ರಾಶಿಗೆ ಆರರವರೆಗೆ ಹಚ್ಚಿದ್ದಳು. ಬಾಯಾರಿ ನೀರು ಕುಡಿಯಲು ಎದ್ದಳು. ಚೀಟಿಯ ರೋಲು ಮೇಜಿನ ಅಂಚಿನಿಂದ ಕೆಳಗೆ ಇಳಿಬಿದ್ದಿತ್ತು. ಅದರ ತುದಿಯಲ್ಲಿ, ನನ್ನ ಮೂಗಿನ ಎದುರಿಗೆ, ಏಳು. ಬಲಗಾಲಿನ ಏಳನ್ನು ತಡೆಯುವ ಹೊತ್ತು ಮೀರಿತ್ತು, ಇದನ್ನಾದರೂ ತಡೆಯೋಣ ಎಂದುಕೊಂಡೆ. ನನ್ನ ಲೆಕ್ಕದಲ್ಲಿ ಅದು ಅವ್ವನ ರಾಶಿಯನ್ನು ಕಾಯುವ ಕೆಲಸ. ಏಳನ್ನು ಮೆಲ್ಲಗೆ ಕಿತ್ತು ಮೇಜಿನ ಅಡಿಯ ಹಲಗೆಗೆ ಅಂಟಿಸಿದೆ. ಅವ್ವ ಬಂದಳು, ರೋಲಿನ ತುದಿಯಲ್ಲಿ ಇದ್ದ ಚೀಟಿಯನ್ನು ತೆಗೆದು ಏಳನೆಯ ಪದರಕ್ಕೆ ಹಚ್ಚಿದಳು. ಅದು ಎಂಟು. ಅಲ್ಲಿಂದ ಮುಂದೆ ಎಡಗಾಲುಗಳೆಲ್ಲ ಒಂದೊಂದು ಹೆಜ್ಜೆ ತಪ್ಪಿ ನಡೆದವು.

ಆ ಸಲದ ಬಟ್ಟೆ ಸಣ್ಣ ಸಣ್ಣ ಥಾನುಗಳದ್ದು, ನಾಲ್ಕೈದು ಪದರಕ್ಕೊಮ್ಮೆ ಥಾನು ಬದಲಾಗುತ್ತಿತ್ತು. ಒಗೆಯಲು ಹೋದ ಪ್ಯಾಂಟುಗಳು ಹಿಂದಿರುಗಿದಾಗ ಒಂಬತ್ತಕ್ಕೆ ಎರಡು ಬಣ್ಣದ ಕಾಲುಗಳು. ಆ ಪೈಕಿ ಎಂಟು ಪ್ಯಾಂಟುಗಳಲ್ಲಿ ದಿಟ್ಟಿಸಿ ನೋಡಿದರೆ ಮಾತ್ರ ಕಾಣುತ್ತಿತ್ತು. ಉಳಿದೊಂದರಲ್ಲಿ ಒಂದು ಕಾಲು ಮುಂಜಾನೆ, ಇನ್ನೊಂದು ಮುಚ್ಚಂಜೆ. ಹೊಲಿದವರನ್ನು ಕೇಳಿದರೆ, ಕೊನೆಗೆ ಏಳನೆಯ ಬಲಗಾಲೊಂದು, ನಲವತ್ತೊಂದನೆಯ ಎಡಗಾಲೊಂದು ಜೋಡಿ ಇಲ್ಲದೆ ಉಳಿದವು, ಇರಲಿ ಎಂದು ಅವೆರಡನ್ನೂ ಸೇರಿಸಿ ಹೊಲಿದೆವು ಎಂದರು.

ಬಸಣ್ಣ ಮಾಸ್ಟರ್ ಆ ಪ್ಯಾಂಟನ್ನು ಎತ್ತಿ ಹಿಡಿದು, "ನಲವತ್ತು ಪದರದಾಗ ನಲವತ್ತೊಂದು ಎಲ್ಲಿಂದ ಬಂತು ಹುಲಿಗೆಮ್ಮ?" ಎಂದರು. ಗದರಲಿಲ್ಲ. ಗದರಿದ್ದರೆ ನಾನು ಅತ್ತು, ಎಲ್ಲವನ್ನೂ ಹೇಳಿಬಿಡುತ್ತಿದ್ದೆನೋ ಏನೋ.

ಅವ್ವ ತನ್ನ ಬೆರಳುಗಳನ್ನು ನೋಡಿಕೊಂಡಳು. "ನಾನ ಬಿಟ್ಟಿರಬೇಕ್ರಿ. ಹೊಸದಾಗಿ ಕಲ್ತ ಅಂಕಿ. ತಪ್ಪೀನಿ."

ನಾನು ಮೇಜಿನ ಅಡಿಯಲ್ಲಿದ್ದೆ. ಏಳು ನನ್ನ ತಲೆಯ ಮೇಲೆ ಇತ್ತು. ಕೈ ಚಾಚಿದರೆ ಸಿಗುತ್ತಿತ್ತು. ಚಾಚಲಿಲ್ಲ.

ಮರುದಿನದಿಂದ ಅವ್ವನಿಗೆ ದಾರ ಕತ್ತರಿಸುವ ಕೆಲಸ. ಹೊಲಿದ ಪ್ಯಾಂಟಿನಿಂದ ಇಣುಕುವ ದಾರದ ತುದಿಗಳನ್ನು ಕತ್ತರಿಸುವುದು, ಕಣ್ಣಿದ್ದವರು ಯಾರಾದರೂ ಮಾಡಬಹುದಾದದ್ದು. ಇಪ್ಪತ್ತು ವರ್ಷ ಅದನ್ನೇ ಮಾಡಿದಳು. ಅಂಕಿಗಳನ್ನು ಅವತ್ತಿಗೇ ಬಿಟ್ಟಳು. ಬಸ್ಸಿನ ನಂಬರ್ ಕೇಳಿದರೆ, "ನನ್ನ ಕಣ್ಣಾಗ ಅಂಕಿ ನಿಲ್ಲಂಗಿಲ್ಲವಾ, ನೀನ ನೋಡು" ಎನ್ನುತ್ತಾಳೆ. ಫೋನಿನಲ್ಲಿ ನನ್ನ ಫೋಟೊ ಒತ್ತುತ್ತಾಳೆ, ಅಂಕಿ ಒತ್ತುವುದಿಲ್ಲ. ಅವಳು ಹಾಗೆ ಅಂದಾಗಲೆಲ್ಲ ನಾನು ಬಸ್ಸಿನ ನಂಬರ್ ಓದಿದ್ದೇನೆ, ಫೋನ್ ಹಚ್ಚಿ ಕೊಟ್ಟಿದ್ದೇನೆ. ಅದನ್ನು ಸೇವೆ ಎಂದುಕೊಂಡು ಒಳಗೊಳಗೇ ಸಮಾಧಾನಪಟ್ಟಿದ್ದೇನೆ ಕೂಡ.

ಇಷ್ಟು ವರ್ಷ ನುಂಗಿದ್ದು ಇನ್ನಷ್ಟು ವರ್ಷ ಹೊಟ್ಟೆಯಲ್ಲಿ ಉಳಿಯುತ್ತಿತ್ತೇನೋ. ಉಳಿಯಗೊಡದಿದ್ದದ್ದು ಬಾಲಗಳು. ಕೋಷ್ಟಕ ತಲೆಗೆ ಹತ್ತದೆ, ಒಂದು ಭಾನುವಾರ ಮಧ್ಯಾಹ್ನ ಕಾಗದ ಕತ್ತರಿಸಿಕೊಂಡು ನೆಲದ ಮೇಲೆ ಕೂತೆ. ಒಂದು ರಾಶಿ ಮುಂದಿನ ಪದಗಳದ್ದು, ಒಂದು ರಾಶಿ ನಡುವಿನ ಬ್ಲೌಗಳದ್ದು, ಒಂದು ರಾಶಿ ಲಂಗ, ಅಂಗಿ, ಪ್ಯಾಂಟುಗಳದ್ದು. ಮುಂದಿನ ಪದವೇ ಇಲ್ಲದ ಕಡೆಗೆ ಖಾಲಿ ಕಾಗದ. ಅವ್ವ ಎದುರಿಗೆ ಸಿರುಗುಪ್ಪದ ಅಕ್ಕಿಯ ಚೀಲ ಬಿಚ್ಚಿಕೊಂಡು ಡಬ್ಬಿಗೆ ತುಂಬಲು ಕೂತಿದ್ದಳು.

"ಏನಲೇ ರೇಣಿ, ಬಂಡಲ್ ಕಟ್ಟಾಕತ್ತೀ?"

ಖಾದರ್ ಸರ್ ಕುರ್ಚಿಗಳಲ್ಲಿ ಹೇಳಿದ್ದನ್ನು ನಾನು ಕಾಗದದಲ್ಲಿ ಹೇಳಿದೆ. ಮುಂದಿನ ತುಂಡು ಹೇಳಿದ್ದರೆ ನಡುವಿನದು ಸುಮ್ಮನಿರುತ್ತದೆ, ಮುಂದಿನದು ಹೇಳದಿದ್ದರೆ ನಡುವಿನದು ಹೇಳಬೇಕು ಎಂದೆ.

ಅವ್ವ ಅಕ್ಕಿಯಿಂದ ಕೈ ತೆಗೆದು ಮೂರು ರಾಶಿಗಳನ್ನೂ ನೋಡಿದಳು. "ಇದರಾಗ ತಿಳೀಲಾರದ್ದು ಏನೈತಿ? ಮ್ಯಾಲಿನ ತುಂಡಿನ ಚೀಟಿ ಉದುರಿ ಬಿದ್ದಿದ್ರ ಕೆಳಗಿನ ತುಂಡಿನ ಚೀಟಿ ನೋಡಬೇಕು. ಬಂಡಲ್ ಅಂದ ಮ್ಯಾಲೆ ಯಾರರ ಒಬ್ರು ಹೇಳಬೇಕು. ಯಾರೂ ಹೇಳಲಿಲ್ಲಂದ್ರ ಕಾಲು ಬ್ಯಾರೆ ಬ್ಯಾರೆ ಆಗ್ತಾವ."

ಹೇಳಿ, ಅಕ್ಕಿ ಅಳೆಯಲು ತಿರುಗಿದಳು. ಲಾಭ, ಎರಡು, ಮೂರು, ನಾಲ್ಕು, ಐದು, ಆರು, ಮತ್ತೊಂದು.

ರಸ್ತೆಯಲ್ಲಿ ಕಂಡ, ಹೆಸರೂ ಗೊತ್ತಿಲ್ಲದ ಆಟೊದವನಿಗಾಗಿ ಮೂರು ಪುಟ ಹೇಳಿ, ತಿದ್ದಿಸಿ, ಸಹಿ ಹಾಕಿ ಬಂದವಳು ನಾನು. ಎದುರಿಗೆ ಅಕ್ಕಿ ಅಳೆಯುತ್ತಿದ್ದವಳಿಗಾಗಿ ಒಂದು ಸಾಲನ್ನೂ ಹೇಳಿರಲಿಲ್ಲ. ಇನ್ನು ಈ ಸೇರು ಡಬ್ಬಿಗೆ ಬೀಳುವುದರೊಳಗೆ ಹೇಳಬೇಕು ಎಂದು ನಿರ್ಧರಿಸಿದೆ.

"ಅವ್ವಾ, ಆ ಏಳು ನೀ ಬಿಟ್ಟಿದ್ದಲ್ಲ. ನಾ ಕಿತ್ತಿದ್ದೆ."

"ಯಾವ ಏಳು?" ಎಂದಳು. ಆದರೆ ಅವಳ ಕೈ ನಿಂತಿತ್ತು.

ಠಾಣೆಯಲ್ಲಿ ಹೇಳಿದಂತೆಯೇ ಹೇಳಿದೆ. ರೋಲು ಎಲ್ಲಿ ಇಳಿಬಿದ್ದಿತ್ತು, ಅವಳು ಎಷ್ಟರವರೆಗೆ ಹಚ್ಚಿದ್ದಳು, ನಾನು ಯಾವ ಕೈಯಿಂದ ಕಿತ್ತೆ, ಎಲ್ಲಿ ಅಂಟಿಸಿದೆ, ಯಾಕೆ. ಅವಸರ ಮಾಡಲಿಲ್ಲ, ಏನನ್ನೂ ಬಿಡಲಿಲ್ಲ. ಮಾಸ್ಟರ್ ಕೇಳಿದಾಗ ನಾನು ಎಲ್ಲಿದ್ದೆ ಎಂಬುದನ್ನೂ ಹೇಳಿದೆ.

ಅವ್ವ ಸೇರನ್ನು ಅಕ್ಕಿಯ ಮೇಲೆ ಬೋರಲು ಹಾಕಿದಳು.

"ಮೂವತ್ತು ವರ್ಷ ನಾನು ದಡ್ಡಿ ಅಂದ್ಕೊಂಡು ಬಾಳೇ ಮಾಡೀನಲ್ಲಲೇ."

"ಹೌದವ್ವ."

"ಹೌದವ್ವ ಅಂತಾಳ ನೋಡು. ನಿನಗ ಜರ ಬಂದಾಗ ಡಾಕ್ಟರಿಗೆ ಫೋನ್ ಮಾಡಾಕ ಓಣಿ ತುಂಬಾ ಓಡ್ಯಾಡಿದ್ದೆ, ನಂಬರ್ ಒತ್ತಿಕೊಡ್ರಿ ಅಂತ. ಒತ್ತಿದ್ರ ತಪ್ಪು ಒತ್ತಿಬಿಡ್ತೀನಿ ಅಂತ ಅಂಜಿಕಿ." ಸ್ವಲ್ಪ ತಡೆದು, "ನಮ್ಮವ್ವಂದು ಇದು, ಮತ್ತೊಂದು ಮತ್ತೊಂದು ಅಂತ. ಆಕಿ ಸತ್ತು ಪಾರಾದ್ಲು" ಎಂದಳು. ಇನ್ನೂ ಸ್ವಲ್ಪ ತಡೆದು, "ನಾನರ ನೋಡಬೇಕಾಗಿತ್ತು, ಕೈಯಾಗ ಎಂಟು ಬಂದಾಗ" ಎಂದು ತನಗೇ ಹೇಳಿಕೊಂಡಳು. ನನ್ನ ಪಾಲನ್ನು ಅವಳು ಹಂಚಿಕೊಳ್ಳಲು ಹೊರಟದ್ದು ನನಗೆ ಬೈಗುಳಕ್ಕಿಂತ ಹೆಚ್ಚು ತಟ್ಟಿತು.

ಮರುದಿನ ಬೆಳಿಗ್ಗೆ ಅವ್ವ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು.

"ರಜಾ ಹಾಕು. ಮಾಸ್ಟರ್ ಊರು ಕುರುಗೋಡಿಗೆ ಹೋಗೂನು. ನನಗ ಹೇಳಿದ್ದು ಮಾಸ್ಟರ್ ಮುಂದೂ ಹೇಳು."

"ಅವರಿಗೆ ಈಗ ಎಷ್ಟು ವಯಸ್ಸಾಗಿರಬೇಕವ್ವ. ನೆನಪಿರ್ತೈತಾ?"

"ನನಗೈತಿ."

ಬಸ್ ನಿಲ್ದಾಣದಲ್ಲಿ ಹಲಗೆ ಓದಿ ಬಸ್ಸು ಹುಡುಕಿದವಳು ನಾನೇ. ಕುರುಗೋಡಿನ ಗುಡ್ಡ ಕಾಣುವವರೆಗೂ ಅವ್ವ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ನಾನು ಹೇಳಬೇಕಾದದ್ದನ್ನು ಮೊದಲಿನಿಂದ ಇನ್ನೊಮ್ಮೆ ಜೋಡಿಸಿಕೊಂಡೆ.

ಬಸಣ್ಣ ಮಾಸ್ಟರ್ ಮನೆಯ ಮುಂದಿನ ಪಡಸಾಲೆಯಲ್ಲಿ ಹಳೆಯ ಕತ್ತರಿಯೊಂದಕ್ಕೆ ಎಣ್ಣೆ ಬಿಡುತ್ತ ಕೂತಿದ್ದರು. ತುಂಬ ಇಳಿದಿದ್ದರು. ಅವ್ವ ತಾನು ಹುಲಿಗೆಮ್ಮ ಎಂದಳು.

"ಹುಲಿಗೆಮ್ಮ... ಹಾಂ, ದಾರ ಕತ್ತರಿಸೋ ಹುಲಿಗೆಮ್ಮ."

ಅವ್ವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

"ಅದಕ್ಕಿಂತ ಮದಲು ನಂಬರ್ ಹಚ್ತಿದ್ದೆ ಮಾಸ್ಟರ್ರ. ಆ ಸುದ್ದಿಗೇ ಬಂದೀನಿ." ನನ್ನ ಕಡೆ ತಿರುಗಿ, "ಹೇಳು" ಎಂದಳು.

ನಿಂತುಕೊಂಡೇ ಹೇಳಿದೆ. ಮಾಸ್ಟರ್ ಕತ್ತರಿ ತೆರೆದು ಮುಚ್ಚುತ್ತ ಕೇಳಿದರು. ಅವರಿಗೆ ಏನೂ ನೆನಪಾಗುತ್ತಿರಲಿಲ್ಲ. ಸಣ್ಣ ಥಾನುಗಳು ಎಂದೆ, ಇಲ್ಲವೆಂದು ತಲೆಯಾಡಿಸಿದರು. ಮೇಜು ಎಂದೆ, ರೋಲು ಎಂದೆ, ಸುಮ್ಮನೆ ನೋಡಿದರು. ಏಳು ಮತ್ತು ನಲವತ್ತೊಂದು ಎಂದಾಗ ಕತ್ತರಿ ನಿಂತಿತು.

"ಏಳು ನಲವತ್ತೊಂದು. ಎರಡು ಬಣ್ಣದ ಪ್ಯಾಂಟು. ಹೊಸದಾಗಿ ಬಂದೋರಿಗೆಲ್ಲ ಅದನ್ನ ತೋರಸ್ತಿದ್ದೆ, ನಂಬರ್ ಬಿಟ್ರ ಹಿಂಗ ಆಗ್ತೈತಿ ಅಂತ. ಕಡಿಗೆ ಅದರದ್ದು ಚೀಲ ಹೊಲದೆ." ಒಳಗೆ ಮುಖ ಮಾಡಿ ಸೊಸೆಯನ್ನು ಕೂಗಿ, ಉಳ್ಳಾಗಡ್ಡಿ ಚೀಲ ತರಲು ಹೇಳಿದರು.

ಚೀಲ ಬಂತು. ಮಾಸಿ ಮೆತ್ತಗಾಗಿತ್ತು. ಆದರೂ ಒಂದು ಮಗ್ಗುಲು ತಿಳಿಯಾಗಿ, ಇನ್ನೊಂದು ಮಗ್ಗುಲು ಕಪ್ಪಾಗಿ, ಎರಡೂ ತಮ್ಮ ತಮ್ಮ ನೀಲಿಯನ್ನು ಬಿಟ್ಟುಕೊಟ್ಟಿರಲಿಲ್ಲ. ಅವ್ವ ಅದನ್ನು ಮುಟ್ಟಿ ನೋಡಿದಳು.

"ತೋರಸುವಾಗ ನನ್ನ ಹೆಸರು ಹೇಳ್ತಿದ್ರ್ಯಾ?"

"ಹೇಳಿರಬೇಕು" ಎಂದರು ಮಾಸ್ಟರ್, ನಿಧಾನವಾಗಿ. "ಸುಳ್ಳ್ಯಾಕ ಹೇಳ್ಲಿ. ಹೇಳಿರಬೇಕು."

"ಹಂಗಾರ ಒಂದು ಸಲ ಇದನ್ನೂ ಹೇಳ್ರಿ. ಹುಲಿಗೆಮ್ಮ ನಂಬರ್ ಬಿಟ್ಟಿರಲಿಲ್ಲ ಅಂತ."

ಮಾಸ್ಟರ್ ಕತ್ತರಿಯನ್ನು ಕೆಳಗಿಟ್ಟರು. ಪಡಸಾಲೆಯಲ್ಲಿ ಇದ್ದದ್ದು ನಾವು ಮೂವರು ಮತ್ತು ಉಳ್ಳಾಗಡ್ಡಿ ಸುರಿದುಕೊಂಡು ನಿಂತಿದ್ದ ಸೊಸೆ. ಆದರೂ ಅವರು ಯೂನಿಟ್ಟಿನ ತುಂಬ ಜನರಿದ್ದಾರೆ ಎಂಬಂತೆ ದನಿ ಎತ್ತಿದರು. "ಹುಲಿಗೆಮ್ಮ ನಂಬರ್ ಬಿಟ್ಟಿರಲಿಲ್ಲ. ನನ್ನ ತಿಳುವಳಿಕಿ ತಪ್ಪಿತ್ತು." ಆಮೇಲೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಅವತ್ತು ದಾರ ಕತ್ತರಿಸಾಕ ಈಕಿನ್ನ ಕೂರಸಬೇಕಾಗಿತ್ತು" ಎಂದರು.

"ಈಗೂ ಹೊತ್ತು ಮೀರಿಲ್ಲ ಬಿಡ್ರಿ" ಎಂದಳು ಅವ್ವ. "ಈ ಚೀಲ ನನಗ ಕೊಡ್ರಿ."

ಚಹಾ ಕುಡಿದು ಹೊರಟೆವು. ನಿಲ್ದಾಣಕ್ಕೆ ಬಸ್ಸು ಬಂದಾಗ ಅಭ್ಯಾಸದಂತೆ ನಾನು ಹಲಗೆ ಓದಲು ಬಾಯಿ ತೆರೆದೆ. ಅವ್ವ ಕೈ ಅಡ್ಡ ಹಿಡಿದಳು. ಬಸ್ಸಿನ ಮುಂದೆ ಹೋಗಿ ನಿಂತು, ನಂಬರ್ ಪ್ಲೇಟಿನ ಅಂಕಿಗಳನ್ನು ಒಂದೊಂದಾಗಿ, ತುಟಿ ಅಲುಗಿಸುತ್ತ ಓದಿದಳು. ಅದರಿಂದ ಆ ಬಸ್ಸು ಎಲ್ಲಿಗೆ ಹೋಗುತ್ತದೆ ಎಂಬುದು ಯಾರಿಗೂ ತಿಳಿಯುವಂತಿರಲಿಲ್ಲ. ಕಂಡಕ್ಟರ್ ಬಳ್ಳಾರಿ ಬಳ್ಳಾರಿ ಎಂದು ಕೂಗುತ್ತಿದ್ದ. ಅವಳು ಕೊನೆಯ ಅಂಕಿಯವರೆಗೂ ಓದಿ ಮುಗಿಸಿದ ಮೇಲೆಯೇ ಹತ್ತಿದೆವು.

ಇದಾಗಿ ಎರಡು ವಾರವಾಯಿತು. ಮುಂದಿನ ತಿಂಗಳು ಖಾದರ್ ಸರ್ ಬಾಲಗಳ ಪರೀಕ್ಷೆ ಇಟ್ಟಿದ್ದಾರೆ. ಬರೆಯುತ್ತೇನೆ, ಎಷ್ಟು ಹೊತ್ತು ಹಿಡಿದರೂ ಸರಿ, ನಲವತ್ತೆಂಟು ಮನೆಯನ್ನೂ ತುಂಬುತ್ತೇನೆ. ಹುಡುಗಿಯರು ಪೇಡೆ ಹಂಚಿ ಮುಗಿಸಲಿ. ಕೈ ಒಮ್ಮೊಮ್ಮೆ ಈಗಲೂ ನಡುಗುತ್ತದೆ. ನಿನ್ನೆ ಮಾತ್ರ ಸೂಜಿ ಹಿಡಿದು ಒಬ್ಬರ ರಕ್ತ ತೆಗೆದೆ, ಒಂದೇ ಸಲಕ್ಕೆ.

ನನ್ನ ಕಾಗದದ ತುಂಡುಗಳು ಈಗ ಆ ಎರಡು ಬಣ್ಣದ ಚೀಲದಲ್ಲಿವೆ. ಆದರೆ ಒಮ್ಮೆ ಕಲಸಿಹೋದರೆ ಯಾವ ಬ್ಲೌ ಯಾವ ಅಂಗಿಯದು ಎಂದು ಮತ್ತೆ ಹೊಂದಿಸುವುದಕ್ಕೇ ಒಂದು ಗಂಟೆ ಹೋಗುತ್ತದೆ. ಅದನ್ನು ನೋಡಿ ನೋಡಿ ಸಾಕಾಗಿ, ಇವತ್ತು ಬೆಳಿಗ್ಗೆ ಅವ್ವ ತಾನೇ ಅಂಗಡಿಗೆ ಹೋಗಿ ನಂಬರಿನ ಚೀಟಿಯ ಮೂರು ರೋಲು ತಂದಳು. ಮೂರು ರಾಶಿಗಳನ್ನು ತನ್ನ ಮುಂದೆ ಎಳೆದುಕೊಂಡಳು. ಕನ್ನಡಕ ಏರಿಸಿ, ಮೊದಲ ಚೀಟಿ ಕಿತ್ತು, ಹೆಬ್ಬೆರಳಿನಿಂದ ಒತ್ತಿದಳು. "ಒಂದು" ಎಂದಳು. ಲಾಭ ಎನ್ನಲಿಲ್ಲ. ಎರಡು, ಮೂರು, ನಾಲ್ಕು. ಮೂವತ್ತಮೂರು ವರ್ಷ ಬಿಟ್ಟಿದ್ದ ಕೈ, ಎಲ್ಲೂ ತಡವರಿಸಲಿಲ್ಲ. ನಾನು ಸಹಾಯಕ್ಕೆಂದು ಸ್ವಲ್ಪ ಹತ್ತಿರ ಸರಿದೆ.

ಆರನ್ನು ಹಚ್ಚಿದ ಮೇಲೆ ಅವ್ವ ನಿಲ್ಲಿಸಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದಳು.

"ಕೈ ಹಿಂದ ಕಟ್ಕೊಂಡು ಕೂಡು."

ಕಟ್ಟಿಕೊಂಡು ಕೂತೆ. ಅವಳು ಏಳು ಎಂದು ಗಟ್ಟಿಯಾಗಿ ಹೇಳಿ, ಚೀಟಿಯನ್ನು ಹಚ್ಚಿದಳು.